ಗಣಿತದ ಸತ್ಯ, ಮಗುವಿನ ಮಾತು

ಗಣಿತಕ್ಕೆ ಭಾಷೆಯ ಹಂಗಿಲ್ಲ ಎಂಬುದು ಕಾಸರಗೋಡಿನಲ್ಲಿ ಬರಿಯ ತತ್ತ್ವಚರ್ಚೆಯಾಗಿ ಉಳಿದಿಲ್ಲ. 1956ರ ನವೆಂಬರ್ 1ರಂದು ಈ ನೆಲ ಕೇರಳಕ್ಕೆ ಸೇರಿತು. ಅಂದಿನಿಂದೀಚೆಗೆ ಕನ್ನಡ ಮಾಧ್ಯಮದ ತರಗತಿಗಳಿಗೆ ಕನ್ನಡ ಬಾರದ ಶಿಕ್ಷಕರು ನೇಮಕವಾಗಿ ಬರುವುದು, ಹೆತ್ತವರೂ ಮಕ್ಕಳೂ ಪ್ರತಿಭಟಿಸುವುದು ಮತ್ತೆ ಮತ್ತೆ ನಡೆದಿದೆ. ಪ್ರತಿ ಸಲವೂ ಒಂದು ಸಮಾಧಾನದ ಮಾತು ಕೇಳಿಬರುತ್ತದೆ: ಚರಿತ್ರೆ ಕಲಿಸಲು ಭಾಷೆ ಬೇಕು ನಿಜ, ಲೆಕ್ಕಕ್ಕೇನು, ಎರಡೂ ಎರಡೂ ಎಲ್ಲಿ ಹೋದರೂ ನಾಲ್ಕೇ ತಾನೆ? ಈ ಮಾತಿನಲ್ಲಿ ಅರ್ಧ ಸತ್ಯವಿದೆ, ಅದಕ್ಕೇ ಅದು ಅಷ್ಟು ಸುಲಭವಾಗಿ ಗೆಲ್ಲುತ್ತದೆ. ಎರಡೂ ಎರಡೂ ನಾಲ್ಕು ಎಂಬುದು ಕನ್ನಡದ ಸತ್ಯವೂ ಅಲ್ಲ, ಮಲಯಾಳದ ಸತ್ಯವೂ ಅಲ್ಲ. ಆದರೆ ಅರಿಯಬೇಕಾದ ವಸ್ತು ಬೇರೆ, ಅದನ್ನು ಅರಿಯುವ ದಾರಿ ಬೇರೆ. ನಮ್ಮ ದರ್ಶನಗಳು ಪ್ರಮೇಯ, ಪ್ರಮಾಣ ಎಂದು ಎರಡನ್ನೂ ಬೇರೆಯಾಗಿಯೇ ಇಟ್ಟು ವಿಚಾರ ಮಾಡಿದ್ದು ಸುಮ್ಮನೆ ಅಲ್ಲ. ವಸ್ತುವಿಗೆ ಭಾಷೆ ಇಲ್ಲ ಎಂದಮಾತ್ರಕ್ಕೆ ದಾರಿಗೂ ಭಾಷೆ ಬೇಡ ಎಂದರೆ ತರ್ಕ ಅಲ್ಲಿಯೇ ಜಾರುತ್ತದೆ.

ಗಣಿತಜ್ಞಾನ ಆತ್ಮದೊಳಗೆ ಮೊದಲೇ ಇದೆ, ಕಲಿಕೆ ಎಂದರೆ ಅದರ ನೆನಪು ಮಾತ್ರ ಎಂದು ವಾದಿಸಿದವನು ಪ್ಲೇಟೋ. ಭಾಷೆಯ ಹಂಗಿಲ್ಲದ ಗಣಿತಕ್ಕೆ ಅವನಿಗಿಂತ ದೊಡ್ಡ ವಕೀಲ ಸಿಗಲಾರ. ಅವನ ‘ಮೆನೋ’ ಸಂವಾದದಲ್ಲಿ ಸಾಕ್ರೆಟಿಸ್ ರೇಖಾಗಣಿತ ಕಲಿಯದ ಒಬ್ಬ ಗುಲಾಮ ಹುಡುಗನನ್ನು ಕರೆದು, ಎರಡಡಿ ಬದಿಯ ಚೌಕದ ಇಮ್ಮಡಿ ವಿಸ್ತೀರ್ಣದ ಚೌಕವನ್ನು ಹೇಗೆ ಬರೆಯುವುದು ಎಂದು ಕೇಳುತ್ತಾನೆ. ಬದಿಯನ್ನು ಇಮ್ಮಡಿ ಮಾಡಿದರಾಯಿತು ಎನ್ನುತ್ತಾನೆ ಹುಡುಗ. ಆಗ ವಿಸ್ತೀರ್ಣ ಎಂಟಾಗುವುದಿಲ್ಲ, ಹದಿನಾರಾಗುತ್ತದೆ. ಹಾಗಾದರೆ ಮೂರಡಿ ಎನ್ನುತ್ತಾನೆ, ಒಂಬತ್ತಾಗುತ್ತದೆ. ಕೊನೆಗೆ ಕರ್ಣದ ಮೇಲೆ ಚೌಕ ಕಟ್ಟಿದರೆ ಎಂಟು ಸಿಗುತ್ತದೆ ಎಂಬುದನ್ನು ತಾನೇ ಕಾಣುತ್ತಾನೆ. ಶತಮಾನಗಳಿಂದ ಶಿಕ್ಷಣತಜ್ಞರು ಕೊಂಡಾಡಿರುವ ಪ್ರಸಂಗ ಇದು. ಆದರೆ ಗೆರೆ ಎಳೆಯುವ ಮುಂಚೆ ಸಾಕ್ರೆಟಿಸ್ ಕೇಳಿದ ಪ್ರಶ್ನೆಯನ್ನು ಹೆಚ್ಚಿನವರು ದಾಟಿಕೊಂಡು ಹೋಗುತ್ತಾರೆ: ಈ ಹುಡುಗನಿಗೆ ಗ್ರೀಕ್ ಬರುತ್ತದೆಯೇ? ಬರುತ್ತದೆ, ನಮ್ಮ ಮನೆಯಲ್ಲೇ ಹುಟ್ಟಿದವನು ಎಂದು ಹುಡುಗನ ಒಡೆಯ ಮೆನೋ ಹೇಳಿದ ಮೇಲೆಯೇ ಪಾಠ ಶುರುವಾಗುತ್ತದೆ. ಹುಟ್ಟುವ ಮೊದಲೇ ಗಣಿತ ಬಲ್ಲ ಆತ್ಮಕ್ಕೂ ಮೇಷ್ಟ್ರ ಮಾತು ತಿಳಿಯಲೇಬೇಕು.

ಇಪ್ಪತ್ತನೆಯ ಶತಮಾನದ ಡಚ್ ಗಣಿತಜ್ಞ ಬ್ರೌವರ್ ಇನ್ನೂ ಮುಂದೆ ಹೋದ. ಗಣಿತ ಮನಸ್ಸು ತನ್ನೊಳಗೇ ಕಟ್ಟಿಕೊಳ್ಳುವ ರಚನೆ, ಅದಕ್ಕೆ ಮೂಲತಃ ಭಾಷೆಯೇ ಇಲ್ಲ, ಮಾತು ನೆನಪಿಗೂ ಇನ್ನೊಬ್ಬರಿಗೆ ತಿಳಿಸುವುದಕ್ಕೂ ಇರುವ ಅಪೂರ್ಣ ಸಾಧನ ಎಂಬುದು ಅವನ ನಿಲುವು. ಒಪ್ಪೋಣ. ಆಗ ಕನ್ನಡ ಬಾರದ ಶಿಕ್ಷಕರ ಪರವಾದ ವಾದ ಇನ್ನಷ್ಟು ಸೋಲುತ್ತದೆ. ರಚನೆ ಮಗುವಿನ ಮನಸ್ಸಿನಲ್ಲೇ ಆಗಬೇಕು, ಹೊರಗಿನಿಂದ ಯಾರೂ ಅದನ್ನು ಒಳಗೆ ತುಂಬಲಾಗದು ಎಂದಾದರೆ, ಶಿಕ್ಷಕರ ಕೈಯಲ್ಲಿ ಉಳಿಯುವುದು ಆ ಅಪೂರ್ಣ ಸಾಧನವೊಂದೇ. ಅದನ್ನೂ ಕಿತ್ತುಕೊಂಡರೆ ಕಪ್ಪುಹಲಗೆಯ ಮೇಲಿನ ಅಂಕೆಗಳನ್ನು ನಕಲು ಮಾಡಿಸುವುದಷ್ಟೇ ಸಾಧ್ಯ. ನಿಖರ ಎಣಿಕೆಗೆ ಮಾತಿನ ಆಸರೆ ಎಷ್ಟು ಬೇಕು ಎಂಬುದಕ್ಕೆ ಪುರಾವೆಯೂ ಇದೆ. ಬ್ರೆಜಿಲಿನ ಮುಂಡುರುಕು ಜನರ ಭಾಷೆಯಲ್ಲಿ ಸಂಖ್ಯಾವಾಚಕಗಳು ಐದರ ಆಚೆ ಇಲ್ಲ. 2004ರಲ್ಲಿ ಪಿಯರ್ ಪಿಕಾ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ ಆ ಜನ ಎರಡು ದೊಡ್ಡ ಗುಂಪುಗಳಲ್ಲಿ ಯಾವುದು ಹೆಚ್ಚು ಎಂದು ಅಂದಾಜು ಮಾಡುವುದರಲ್ಲಿ ಯಾರಿಗೂ ಕಡಮೆಯಿರಲಿಲ್ಲ. ಆದರೆ ಹೆಸರಿಲ್ಲದ ಸಂಖ್ಯೆಯಿಂದ ಇಷ್ಟೇ ಎಂದು ಕರಾರುವಾಕ್ಕಾಗಿ ಕಳೆಯುವಾಗ ಎಡವಿದರು. ಹೆಚ್ಚು ಕಡಮೆಯ ಬೋಧೆ ಮಾತಿಗಿಂತ ಹಳೆಯದು, ಲೆಕ್ಕ ಮಾತಿನ ಜತೆಗೇ ಬೆಳೆದದ್ದು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಸಂಕಲನ, ವ್ಯವಕಲನ, ಗುಣನ ಇವೆಲ್ಲ ಎರಡೂ ಭಾಷೆಗಳಲ್ಲಿ ಸಂಸ್ಕೃತದಿಂದ ಬಂದವೇ ಅಲ್ಲವೇ, ಮಲಯಾಳ ಬಲ್ಲ ಶಿಕ್ಷಕರಿಗೆ ತೊಡಕೇನು? ಪಾರಿಭಾಷಿಕ ಪದಗಳು ಒಂದೇ ಇರಬಹುದು, ಮಗು ಎಡವುವುದು ಮಾತ್ರ ಅಲ್ಲಿ ಅಲ್ಲ. ಈ ಲೆಕ್ಕ ನೋಡಿ: ಸುಶೀಲಳ ಬಳಿ 12 ಅಡಕೆ ಇವೆ, ಅದು ಅಬ್ದುಲ್ಲನ ಬಳಿ ಇರುವುದಕ್ಕಿಂತ 4 ಹೆಚ್ಚು, ಅಬ್ದುಲ್ಲನ ಬಳಿ ಎಷ್ಟು? ಉತ್ತರ 8. ‘ಹೆಚ್ಚು’ ಕಂಡೊಡನೆ ಕೂಡಿಸಿ 16 ಎನ್ನುವ ಮಕ್ಕಳು ಬಹಳ. ಅವರಿಗೆ ಕೂಡುವುದೂ ಗೊತ್ತು, ಕಳೆಯುವುದೂ ಗೊತ್ತು. ಯಾರಿಗಿಂತ ಯಾರದು ಹೆಚ್ಚು ಎಂಬ ಸಂಬಂಧ ‘ಕ್ಕಿಂತ’ ಎಂಬ ಪುಟ್ಟ ಪ್ರತ್ಯಯದಲ್ಲಿ ಅಡಗಿದೆ, ಅದು ಅವರ ಹಿಡಿತಕ್ಕೆ ಬಂದಿಲ್ಲ ಅಷ್ಟೆ. ತಲಾ, ಉಳಿದ, ಇನ್ನೆಷ್ಟು, ಬಿಟ್ಟು, ಕನಿಷ್ಠ ಇವೂ ಹಾಗೆಯೇ. ವಾಕ್ಯವನ್ನು ಒಡೆದು, ತಿರುಗಿಸಿ, ಬೇರೆ ರೀತಿಯಲ್ಲಿ ಹೇಳಬಲ್ಲವರು ಮಾತ್ರ ಈ ಮಗುವಿನ ಕೈ ಹಿಡಿಯಬಲ್ಲರು.

ಇದು ಮಲಯಾಳದ ಮೇಲಿನ ದೂರಲ್ಲ. ಈ ಸತ್ಯವನ್ನು ಬಲವಾಗಿ ತೋರಿಸಿಕೊಟ್ಟದ್ದು ಕೇರಳವೇ. ಅಲ್ಲಿನ ಗಣಿತಜ್ಞ ಮಾಧವನ ಪರಂಪರೆಯ ಗಣಿತಸೂತ್ರಗಳು ಸಂಸ್ಕೃತ ಶ್ಲೋಕಗಳಲ್ಲಿ ಬಂದವು. ಅವುಗಳ ಹಿಂದಿನ ಯುಕ್ತಿಯನ್ನು ಹೆಜ್ಜೆಹೆಜ್ಜೆಯಾಗಿ ಬಿಡಿಸಿ ಹೇಳಬೇಕಾದಾಗ ಜ್ಯೇಷ್ಠದೇವ 16ನೆಯ ಶತಮಾನದಲ್ಲಿ ‘ಯುಕ್ತಿಭಾಷಾ’ವನ್ನು ಮಲಯಾಳ ಗದ್ಯದಲ್ಲಿ ಬರೆದ. ನಮ್ಮಲ್ಲಿಯೂ 9ನೆಯ ಶತಮಾನದ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ವನ್ನು ಸಂಸ್ಕೃತದಲ್ಲಿ ರಚಿಸಿದರೆ, 12ನೆಯ ಶತಮಾನದ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿ ಬರೆದ. ಹೇಳಿದ್ದನ್ನು ಒಪ್ಪಿಸುವುದಕ್ಕೆ ಯಾವ ಭಾಷೆಯಾದರೂ ನಡೆಯುತ್ತದೆ, ಹೌದೆಂದು ಒಳಗೆ ತಿಳಿಯುವುದಕ್ಕೆ ಆಡುವ ಭಾಷೆಯೇ ಬೇಕು.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆಯೇ ಇದೆ. ಕಾಸರಗೋಡಿನ ಕನ್ನಡ ಶಾಲೆಗೆ ಬರುವ ಎಷ್ಟೋ ಮಕ್ಕಳ ಮನೆಮಾತು ಕನ್ನಡವೇ ಅಲ್ಲ. ತುಳು, ಕೊಂಕಣಿ, ಬ್ಯಾರಿ, ಮರಾಠಿ. ಹಾಗಾದರೆ ಕನ್ನಡವೂ ಅವರಿಗೆ ಕಲಿತ ಭಾಷೆ ತಾನೆ? ಹೌದು, ಈ ಮಾತನ್ನು ತಳ್ಳಿಹಾಕುವಂತಿಲ್ಲ. ಕನ್ನಡ ಇಲ್ಲಿ ತಲೆಮಾರುಗಳಿಂದ ಓದಿನ, ಯಕ್ಷಗಾನದ, ಪತ್ರವ್ಯವಹಾರದ ಭಾಷೆ, ತುಳು ಮಗುವಿನ ಕಿವಿಗೆ ಅದು ಹೊಸತಲ್ಲ. ಊರಿನವರೇ ಆದ ಕನ್ನಡ ಶಿಕ್ಷಕರಲ್ಲಿ ಹೆಚ್ಚಿನವರಿಗೆ ತುಳುವೂ ಬರುತ್ತದೆ. ಆದರೂ ಈ ವಾದ ನಮ್ಮನ್ನೂ ಕಟ್ಟಿಹಾಕುತ್ತದೆ, ಹಾಕಲೇಬೇಕು. ಸಂವಿಧಾನದ 350ಎ ವಿಧಿ ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯ ಬೋಧನೆಗೆ ಸಾಕಷ್ಟು ಸೌಲಭ್ಯ ಕಲ್ಪಿಸುವ ಹೊಣೆಯನ್ನು ರಾಜ್ಯಗಳಿಗೆ ಹೊರಿಸಿದೆ. ಅದನ್ನು ಕೇರಳ ಸರಕಾರದ ಮುಂದೆ ಹಿಡಿಯುವ ನಾವು, ಕೊರಗ ಸಮುದಾಯದ ಮಗುವೊಂದು ಕನ್ನಡ ತರಗತಿಯಲ್ಲಿ ಮೂಕವಾಗಿ ಕುಳಿತಾಗ ಅದೇ ನ್ಯಾಯವನ್ನು ನಮಗೂ ಅನ್ವಯಿಸಿಕೊಳ್ಳಬೇಕು. ಹಕ್ಕು ಕನ್ನಡದ್ದಲ್ಲ, ಮಗುವಿನದು.

ಹಾಗಾದರೆ ಶಿಕ್ಷಕರ ಅರ್ಹತೆಯನ್ನು ಅಳೆಯುವುದು ಹೇಗೆ? ಕನ್ನಡ ಓದಲು ಬರೆಯಲು ಬರುತ್ತದೆ ಎಂಬ ಸರ್ಟಿಫಿಕೇಟು ಸಾಲದು. 42ರಿಂದ 17 ಕಳೆದು 35 ಎಂದು ಬರೆಯುವ ಮೂರನೆಯ ತರಗತಿಯ ಮಗುವನ್ನು ನೋಡಿ. ಬಿಡಿಸ್ಥಾನದಲ್ಲಿ ಎರಡರಿಂದ ಏಳು ಹೋಗುವುದಿಲ್ಲ. ದೊಡ್ಡದರಿಂದಲೇ ಸಣ್ಣದನ್ನು ಕಳೆಯಬೇಕು ಎಂದು ಹಿಂದೆ ಕೇಳಿದ್ದನ್ನು ನಂಬಿ ಅದು ಏಳರಿಂದ ಎರಡನ್ನು ಕಳೆದಿದೆ. ತಪ್ಪು ಉತ್ತರವನ್ನು ಕೆಂಪು ಶಾಯಿಯಲ್ಲಿ ಗೀಚಲು ಯಾವ ಭಾಷೆಯೂ ಬೇಡ. ನೇಮಕಕ್ಕೆ ಬಂದವರನ್ನು ಅಂಥ ಒಂದು ಮಗುವಿನ ಎದುರು ಕೂರಿಸಿ, ಈ 35 ಹೇಗೆ ಬಂತು ಎಂದು ಆ ಮಗುವಿನಿಂದಲೇ ಹೇಳಿಸಿ ತಿಳಿದುಕೊಳ್ಳಲು ಅವರಿಗೆ ಆಗುತ್ತದೆಯೇ ಎಂದು ಸಂದರ್ಶನದಲ್ಲಿ ನೋಡಬೇಕು.