ದೀಪ ಆರಿಸುವ ಮುನ್ನ ಗಾಳಿ ನೋಡಿ

ಡಿಸೆಂಬರ್ ಚಳಿಯಲ್ಲಿ, ಬೆಳಗಿನ ಜಾವ, ಅರಕಲಗೂಡಿನಿಂದ ಮದುವೆಗೆ ಹೊರಟ ಏಳು ಸೀಟಿನ ಗಾಡಿ. ಹಾಸನ ದಾಟಿ ಚನ್ನರಾಯಪಟ್ಟಣದ ಹೈವೇ ಹಿಡಿಯುವಷ್ಟರಲ್ಲಿ ಮೀಟರ್ ಪಕ್ಕ, ಟೈರಿನ ಗಾಳಿ ಇಳಿದಿದೆ ಎಂದು ಎಚ್ಚರಿಸುವ ಹಳದಿ ದೀಪ ಹತ್ತಿಕೊಳ್ಳುತ್ತದೆ. “ಬಟನ್ ಒತ್ತಿ ಅಣ್ಣ, ಹೋಗುತ್ತೆ” ಎನ್ನುವವರು ಒಳಗೆ ಒಬ್ಬರಾದರೂ ಇರುತ್ತಾರೆ.

ಕೆಲವು ಗಾಡಿಗಳಲ್ಲಿ ಪ್ರತಿ ಚಕ್ರದೊಳಗೂ ಸೆನ್ಸರ್ ಇರುತ್ತದೆ. ಗಾಳಿ ಸರಿಯಾಗಿ ತುಂಬಿಸಿ ಸ್ವಲ್ಪ ದೂರ ಓಡಿಸಿದರೆ ದೀಪ ತಾನಾಗಿ ಆರುತ್ತದೆ. ಇನ್ನು ಕೆಲವು ಚಕ್ರದ ಸುತ್ತು ಎಣಿಸುತ್ತವೆ: ಗಾಳಿ ಇಳಿದ ಟೈರು ತುಸು ಕುಗ್ಗಿ, ಉಳಿದವಕ್ಕಿಂತ ಹೆಚ್ಚು ಸುತ್ತುತ್ತದೆ. ಇಂಥ ಗಾಡಿಯಲ್ಲಿ ಗಾಳಿ ತುಂಬಿಸದೆ ರೀಸೆಟ್ ಒತ್ತಿದರೆ, ಆಗಿರುವ ಕಡಿಮೆ ಗಾಳಿಯನ್ನೇ ಅದು ಸರಿಯೆಂದು ನೆನಪಿಟ್ಟುಕೊಳ್ಳುತ್ತದೆ. ಮತ್ತೆ ಎಚ್ಚರಿಸುವುದು ಗಾಳಿ ಇನ್ನಷ್ಟು ಇಳಿದ ಮೇಲೆಯೇ.

ನಮ್ಮ ನಡತೆ ಸಡಿಲವಾಗುವುದೂ ಹೀಗೆಯೇ. “ಈಚೆಗೆ ಮಾತುಮಾತಿಗೂ ರೇಗ್ತೀರಿ” ಎಂದು ಮನೆಯಾಕೆ ಹೇಳಿದಾಗ “ನನ್ನ ಸ್ವಭಾವವೇ ಇಷ್ಟು” ಎಂದು ಬಾಯಿ ಮುಚ್ಚಿಸಿದರೆ, ಆವತ್ತಿನಿಂದ ರೇಗುವುದೇ ಮನೆಯ ವಾಡಿಕೆಯಾಗುತ್ತದೆ. ಹತ್ತು ನಿಮಿಷ ತಡವಾಗಿ ಅಂಗಡಿ ತೆರೆಯುವುದು ರೂಢಿಯಾದವರಿಗೆ ಅರ್ಧ ಗಂಟೆಯೂ ತಡ ಅನ್ನಿಸುವುದಿಲ್ಲ.

ಗಾಡಿಗೆ ಮಾಡಬೇಕಾದ್ದು ಸುಲಭ. ಡ್ರೈವರ್ ಬಾಗಿಲ ಕಂಬದ ಸ್ಟಿಕ್ಕರ್‌ನಲ್ಲಿ ಎಷ್ಟು ಗಾಳಿ ಬೇಕೆಂದು ಬರೆದಿರುತ್ತದೆ. ಹಲವು ಗಾಡಿಗಳಲ್ಲಿ ತುಂಬಿದ ಲೋಡಿಗೆ ಬೇರೆ ಅಂಕಿ ಇರುತ್ತದೆ. ಟೈರು ತಣ್ಣಗಿರುವಾಗ, ಅಂದರೆ ಗಾಡಿ ಮೂರು ಗಂಟೆಯಾದರೂ ನಿಂತಿದ್ದಾಗ, ಅಳೆಯಬೇಕು. ಉಷ್ಣಾಂಶ ಐದಾರು ಡಿಗ್ರಿ ಇಳಿದರೆ ಗಾಳಿ ಸುಮಾರು 1 ಪಿಎಸ್‌ಐ ಇಳಿಯುತ್ತದೆ. ಚಳಿಗಾಲದ ಮುಂಜಾನೆ ದೀಪ ಹತ್ತುವುದಕ್ಕೆ ಇದೂ ಒಂದು ಕಾರಣ. ನಾಲ್ಕೂ ಟೈರಿಗೆ ಸರಿಯಾಗಿ ತುಂಬಿಸಿ, ಸುತ್ತು ಎಣಿಸುವ ಗಾಡಿಯಾದರೆ ಆಮೇಲೆ ರೀಸೆಟ್ ಮಾಡಿ. ಹಾಸನದಲ್ಲಿ ತುಂಬಿಸಿದ ಗಾಳಿ ಹೊಳೆನರಸೀಪುರ ಮುಟ್ಟುವುದರೊಳಗೆ ಇಳಿದರೆ ಮೊಳೆಯೋ ವಾಲ್ವೋ ಕಾರಣವಿರಬಹುದು. ಪಂಕ್ಚರ್ ಅಂಗಡಿಗೆ ಹೋಗಿ.

ನಮ್ಮನ್ನು ನಾವು ಅಳೆದುಕೊಳ್ಳುವುದೂ ತಣ್ಣಗಿರುವಾಗಲೇ ಆಗಬೇಕು. ಜಗಳದ ಬಿಸಿಯಲ್ಲಿ ಸಿಗುವ ಲೆಕ್ಕ ಸುಳ್ಳು. ನಿನ್ನೆಗಿಂತ ಪರವಾಗಿಲ್ಲ ಎಂಬ ಸಮಾಧಾನವೂ ಅಳತೆಯಲ್ಲ. ಎಷ್ಟು ಹೊತ್ತಿಗೆ ಏಳಬೇಕು, ಯಾರ ಸಾಲ ಎಂದು ತೀರಿಸಬೇಕು, ಮಕ್ಕಳೊಡನೆ ಎಷ್ಟು ಹೊತ್ತು ಕೂರಬೇಕು ಎಂದು ಮೊದಲೇ ಬರೆದಿಡಿ. ತಿಂಗಳಿಗೊಮ್ಮೆ ಗಾಳಿ ನೋಡುವ ದಿನ ಆ ಚೀಟಿಯನ್ನೂ ನೋಡಿ. ತಪ್ಪು ತೋರಿಸಿದವರಿಗೆ ಸಮಜಾಯಿಷಿ ಹೇಳುವ ಮುನ್ನ “ಯಾವತ್ತು ಹಾಗಾಯ್ತು?” ಎಂದು ಕೇಳಿ. ಉತ್ತರ ಸಿಕ್ಕ ಮೇಲೆ ತಿದ್ದಿಕೊಳ್ಳುವುದಕ್ಕೆ ಒಂದು ಕೆಲಸವಾದರೂ ಕೈಯಲ್ಲಿರುತ್ತದೆ.