ಇಂದಿನ ಧಮ್ಮ ಚಿಂತನೆ: ಪರಿಹಾರದ ಪಟ್ಟಿ ಬರೆಯುವವರು ಯಾರು?





ಎಲ್ಲೋ ಭೂಕಂಪ, ಪ್ರವಾಹ, ಯುದ್ಧ ಎಂದರೆ ನಾನಾ ದೇಶಗಳಿಂದ ಅಕ್ಕಿ, ಔಷಧಿ, ಟೆಂಟು, ಹಣ ಬರುತ್ತವೆ. ಮುಖವನ್ನೇ ಕಾಣದವರಿಗಾಗಿ ಮಿಡಿಯುವ ಈ ಕರುಣೆ ದೊಡ್ಡದು. ಆದರೆ ಕರುಣೆಯೊಂದೇ ಸಾಕೇ?

2004ರ ಡಿಸೆಂಬರ್ 26ರ ಸುನಾಮಿಯನ್ನು ನೆನೆಯೋಣ. ಸತ್ತವರು ಎರಡು ಲಕ್ಷಕ್ಕೂ ಹೆಚ್ಚು. ತಮಿಳುನಾಡಿನಲ್ಲಿ ಅತಿ ಹೆಚ್ಚು ಜೀವ ಕಳೆದುಕೊಂಡದ್ದು ನಾಗಪಟ್ಟಿಣಂ ಜಿಲ್ಲೆ. ಜಗತ್ತು ಕೈ ಬಿಚ್ಚಿ ಕೊಟ್ಟಿತು. ಹಣಕ್ಕೆ ಕೊರತೆ ಇರಲಿಲ್ಲ.

ನೆರವಿನ ನಿಯಮವೂ ಒಳ್ಳೆಯದೇ ಇತ್ತು. ಜನಾಂಗ, ಧರ್ಮ, ದೇಶ ನೋಡದೆ ಅಗತ್ಯವನ್ನು ಮಾತ್ರ ನೋಡಿ ಕೊಡಬೇಕು ಎಂದು ರೆಡ್ ಕ್ರಾಸ್ ಮತ್ತು ಇತರ ಸಂಸ್ಥೆಗಳು 1994ರಲ್ಲೇ ಒಪ್ಪಿದ್ದವು.

ಆದರೆ ಅಗತ್ಯ ಯಾರಿಗಿದೆ ಎಂದು ಹೇಳುವವರು ಯಾರು? ಊರಿನ ಪಂಚಾಯಿತಿ, ಊರಿನ ಮುಖಂಡರು. ದೋಣಿ, ಬಲೆ ಕಳೆದುಕೊಂಡವರು ಸಂತ್ರಸ್ತರೆಂದು ಮೊದಲು ಎಣಿಕೆಯಾದರು. ಮೀನು ಹೊರುವ, ಹೊಲದಲ್ಲಿ ಕೂಲಿ ಮಾಡುವ ದಲಿತರು ಕಳೆದುಕೊಂಡದ್ದು ದುಡಿಮೆಯನ್ನು. ಅದಕ್ಕೆ ಪಟ್ಟಿಯಲ್ಲಿ ಕಾಲಮ್ಮೇ ಇರಲಿಲ್ಲ. ದಲಿತರನ್ನು ಶಿಬಿರಗಳಿಂದ ದೂರವಿಟ್ಟರು, ಕುಡಿಯುವ ನೀರಿನ ಟ್ಯಾಂಕ್ ಮುಟ್ಟಲು ಬಿಡಲಿಲ್ಲ ಎಂಬ ವರದಿಗಳು ಬಂದವು. ಮಹಾಡ್ ಕೆರೆಯ ನೀರನ್ನು ಬಾಬಾಸಾಹೇಬರು 1927ರಲ್ಲಿ ಮುಟ್ಟಿದ್ದರು. 77 ವರ್ಷಗಳ ಮೇಲೂ ಅದೇ ನೀರಿನ ಪ್ರಶ್ನೆ! ಕೊಳೆತ ಶವಗಳನ್ನು ಎತ್ತಲು ಮಾತ್ರ ಬೇರೆ ಊರುಗಳಿಂದಲೂ ಪೌರಕಾರ್ಮಿಕರನ್ನು ಕರೆಸಿದರು. ಅವರಲ್ಲಿ ಹೆಚ್ಚಿನವರು ನಮ್ಮವರೇ.

ಒಂದು ಮಾತು ಮರೆಯಬಾರದು. ಮೀನುಗಾರರೂ ಬಡವರೇ. ಮಕ್ಕಳನ್ನು, ಮನೆಯನ್ನು ಹೆಚ್ಚು ಕಳೆದುಕೊಂಡವರು ಅವರೇ. ಅವರ ದುಃಖ ಸುಳ್ಳಲ್ಲ. ಆದರೆ ದುಃಖ ಬಂದ ಮಾತ್ರಕ್ಕೆ ಜಾತಿ ಹೋಗುವುದಿಲ್ಲ. ಅಲೆ ಮನೆಯನ್ನು ಕೊಚ್ಚಿಕೊಂಡು ಹೋಗಬಹುದು, ಮನಸ್ಸನ್ನು ತೊಳೆಯುವುದಿಲ್ಲ. ಅದು ಧಮ್ಮದ ಕೆಲಸ.

'ಜೀವ ಹೋಗುವ ಹೊತ್ತಿನಲ್ಲಿ ಜಾತಿ ಯಾಕೆ ಕೇಳಬೇಕು?' ಎನ್ನುವವರಿದ್ದಾರೆ. ನನ್ನ ಉತ್ತರ ಇಷ್ಟೇ: ಕೊಡುವವರು ಕೇಳದಿದ್ದರೂ ಊರು ಆಗಲೇ ಕೇಳಿಯಾಗಿರುತ್ತದೆ. ಕಣ್ಣು ಮುಚ್ಚಿ ಕೊಟ್ಟ ದಾನ ಊರಿನ ಹಳೆಯ ಕಾಲುವೆಯಲ್ಲೇ ಹರಿಯುತ್ತದೆ. ಆ ಕಾಲುವೆ ಕೇರಿಯವರೆಗೆ ಬರುವುದಿಲ್ಲ.

1956ರಲ್ಲಿ ಬಿಬಿಸಿ ಭಾಷಣದಲ್ಲಿ ಬಾಬಾಸಾಹೇಬರು ತಾವು ಬೌದ್ಧ ಧರ್ಮವನ್ನು ಮೆಚ್ಚಲು ಕಾರಣ ಹೇಳುತ್ತಾ ಪ್ರಜ್ಞೆ, ಕರುಣೆ, ಸಮತೆ ಮೂರನ್ನೂ ಒಟ್ಟಿಗೆ ಹೆಸರಿಸಿದರು. ಕರುಣೆ ಕೊಡು ಎನ್ನುತ್ತದೆ. ಯಾರ ಕೈಯಿಂದ ಯಾರಿಗೆ ತಲುಪಿತು ಎಂದು ಪ್ರಜ್ಞೆ ಕೇಳುತ್ತದೆ. ಪಡೆಯುವವನು ಭಿಕ್ಷುಕನಲ್ಲ, ಹಕ್ಕುದಾರ ಎಂದು ಸಮತೆ ನೆನಪಿಸುತ್ತದೆ. ಮೂರರಲ್ಲಿ ಒಂದು ಬಿಟ್ಟರೂ ದಾನ ಅರ್ಧವೇ.

ನೆರೆ ಬಂದಾಗ ನಾವೂ ಚಂದಾ ಎತ್ತುತ್ತೇವೆ, ಲಾರಿ ಕಳಿಸುತ್ತೇವೆ. ಆಗ ಮೂರು ಪ್ರಶ್ನೆ ಕೇಳೋಣ:

1. ಪಟ್ಟಿ ಬರೆದವರು ಯಾರು?
2. ಲಾರಿ ಕೊನೆಯ ಮನೆಯವರೆಗೆ ಹೋಯಿತೇ?
3. ನಮಗಿಂತ ಕೆಳಗೆ ತಳ್ಳಲ್ಪಟ್ಟವರನ್ನು ನಾವೇ ಮರೆತೆವೇ?

ಮೂರನೆಯದು ನಮಗೇ ಕೇಳಿಕೊಳ್ಳಬೇಕಾದ ಪ್ರಶ್ನೆ. ಅದಕ್ಕೇ ಅದು ಹೆಚ್ಚು ಕಷ್ಟದ್ದು.

ಭವತು ಸಬ್ಬ ಮಂಗಲಂ. ಜೈ ಭೀಮ್.