ಇಳಿವಯಸ್ಸಿನಲ್ಲಿ ಒಳ್ಳೆಯ ವಾದ್ಯ: ಟ್ಯೂಬ್ ಆಂಪ್ ಎತ್ತುವ ಪ್ರಶ್ನೆ

ಎಲೆಕ್ಟ್ರಿಕ್ ಗಿಟಾರಿನ ತಂತಿ ಮೀಟಿದಾಗ ಅದರ ಕೆಳಗಿನ ಪಿಕಪ್‌ನಲ್ಲಿ ಬಹಳ ಸಣ್ಣ ವಿದ್ಯುತ್ತು ಹುಟ್ಟುತ್ತದೆ. ಅದು ನಾದವಾಗುವುದು ಆಂಪ್ಲಿಫೈಯರ್‌ನಲ್ಲಿ. ಹೀಗಾಗಿ ಆಂಪ್ ಎಂಬುದು ವಾದ್ಯದ ಇನ್ನೊಂದು ಅರ್ಧ. ಅನೇಕ ಹವ್ಯಾಸಿಗಳು ಹರೆಯದಲ್ಲಿ ಗಿಟಾರಿಗೆ ಹೇಗೋ ಹಣ ಹೊಂದಿಸುತ್ತಾರೆ, ಆಂಪ್ ಮಾತ್ರ ಕೈಗೆಟಕಿದ ಅಗ್ಗದ್ದು. ಮನೆಸಾಲ ತೀರಿ, ಮಕ್ಕಳು ದಡ ಸೇರಿದ ಮೇಲೆ, ಅರವತ್ತರ ಆಸುಪಾಸಿನಲ್ಲಿ ಉತ್ತಮವಾದ ಟ್ಯೂಬ್ ಆಂಪ್ ಕೊಳ್ಳುವ ಅನುಕೂಲ ಕೂಡಿಬರುತ್ತದೆ. ಜೊತೆಗೇ ಒಂದು ಹಳೆಯ ಪ್ರಶ್ನೆಯೂ ಏಳುತ್ತದೆ: ಒಂದೊಂದಾಗಿ ಬಿಡಬೇಕಾದ ವಯಸ್ಸಿನಲ್ಲಿ ಹೊಸದನ್ನು ಬಯಸುವುದು ಸರಿಯೇ?

ಟ್ಯೂಬ್ ಎಂದರೆ ಹಿಂದಿನ ರೇಡಿಯೋಗಳಲ್ಲಿದ್ದ ವಾಲ್ವ್. ಗಾಳಿ ತೆಗೆದ ಗಾಜಿನ ಬುರುಡೆಯೊಳಗೆ ಕಾದ ಲೋಹ ಎಲೆಕ್ಟ್ರಾನುಗಳನ್ನು ಹೊಮ್ಮಿಸುತ್ತದೆ. ನಡುವಿನ ಗ್ರಿಡ್ ಅವುಗಳ ಹರಿವನ್ನು ಹಿಡಿದು ಬಿಡುತ್ತದೆ. ಈ ಗ್ರಿಡ್ಡನ್ನು 1906ರ ಸುಮಾರಿಗೆ ಸೇರಿಸಿದವರು ಅಮೆರಿಕದ ಲೀ ಡಿ ಫಾರೆಸ್ಟ್. 1947ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಟ್ರಾನ್ಸಿಸ್ಟರ್ ಹುಟ್ಟಿದ ಮೇಲೆ ರೇಡಿಯೋ, ಟಿ.ವಿ., ಕಂಪ್ಯೂಟರು ಎಲ್ಲವೂ ಕ್ರಮೇಣ ವಾಲ್ವನ್ನು ಕೈಬಿಟ್ಟವು. ಗಿಟಾರ್ ವಾದಕರು ಬಿಡಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಲಿಯೋ ಫೆಂಡರ್ ಮಾಡಿದ ಬಾಸ್‌ಮನ್ ಆಂಪ್, ಅದರ ಸರ್ಕಿಟನ್ನೇ ಅನುಸರಿಸಿ 1962ರಲ್ಲಿ ಲಂಡನ್ನಿನ ಜಿಮ್ ಮಾರ್ಷಲ್ ಅವರ ಅಂಗಡಿಯಲ್ಲಿ ಸಿದ್ಧವಾದ ಜೆಟಿಎಂ 45, ಇವುಗಳ ಮಾದರಿಯಲ್ಲೇ ಇಂದಿಗೂ ಆಂಪ್‌ಗಳು ತಯಾರಾಗುತ್ತಿವೆ.

ವಾದಕರ ಈ ಹಟಕ್ಕೆ ಕಾರಣವಿದೆ. ಮಿತಿ ಮೀರಿದಾಗ ಸಾಮಾನ್ಯ ಟ್ರಾನ್ಸಿಸ್ಟರ್ ಸರ್ಕಿಟ್ ಅಲೆಯ ತುದಿಯನ್ನು ಕತ್ತರಿಸಿದಂತೆ ಚಪ್ಪಟೆ ಮಾಡುತ್ತದೆ. ಟ್ಯೂಬು ಮಿತಿಯ ಹತ್ತಿರ ಬರುತ್ತಿದ್ದಂತೆಯೇ ಮಣಿಯತೊಡಗುತ್ತದೆ, ಅಲೆಯ ತುದಿ ಮೆಲ್ಲಗೆ ದುಂಡಾಗುತ್ತದೆ, ಅದರಿಂದ ಹೊಸ ಅನುಸ್ವರಗಳು ಹುಟ್ಟುತ್ತವೆ. ಮೆಲ್ಲಗೆ ಮೀಟಿದರೆ ಸ್ವಚ್ಛ ದನಿ, ಬಲವಾಗಿ ಮೀಟಿದರೆ ಅದೇ ದನಿ ಒರಟಾಗಿ ಒಡೆಯುತ್ತದೆ, ಯಾವ ಗುಂಡಿಯನ್ನೂ ತಿರುಗಿಸಬೇಕಿಲ್ಲ. ಎಸಿ ವಿದ್ಯುತ್ತನ್ನು ಡಿಸಿ ಮಾಡುವ ರೆಕ್ಟಿಫೈಯರ್ ಕೂಡ ಟ್ಯೂಬೇ ಆಗಿರುವ ಆಂಪ್‌ನಲ್ಲಿ ಜೋರಾದ ಮೀಟಿಗೆ ಒಳಗಿನ ವೋಲ್ಟೇಜು ಕ್ಷಣಕಾಲ ಕುಸಿದು ಮತ್ತೆ ಏರುತ್ತದೆ. ಆ ಏರಿಳಿತ ಬೆರಳಿಗೆ ತಿಳಿಯುತ್ತದೆ. ದೂರ ಕೂತ ಕೇಳುಗನಿಗೆ ಈ ವ್ಯತ್ಯಾಸ ಅಷ್ಟಾಗಿ ತಿಳಿಯದಿರಬಹುದು. ಇಂದಿನ ಡಿಜಿಟಲ್ ಆಂಪ್‌ಗಳು ಇದನ್ನು ಬಹಳ ಮಟ್ಟಿಗೆ ಅನುಕರಿಸುತ್ತವೆ ಎಂಬುದೂ ನಿಜ. ಆದರೂ ಟ್ಯೂಬ್ ಆಂಪ್‌ನ ಮುಖ್ಯ ಸುಖ ಕೇಳುವುದಕ್ಕಿಂತ ನುಡಿಸುವುದರಲ್ಲಿದೆ: ಕೈ ಕೇಳಿದ್ದಕ್ಕೆ ಅದು ಮರುನುಡಿಯುತ್ತದೆ. ಮುಂದಿನ ವಾದವೆಲ್ಲ ಈ ಒಂದು ಅಂಶದ ಮೇಲೆ ನಿಂತಿದೆ.

ಬಯಕೆಗೆ ವಿರುದ್ಧವಾದ ಮಾತುಗಳು ಹಗುರವಾದವಲ್ಲ. ಚರ್ಮ ಸುಕ್ಕಾಗಿ, ಕೂದಲು ನರೆತು, ಮೊಮ್ಮಗನ ಮುಖ ಕಂಡಮೇಲೆ ಗೃಹಸ್ಥನು ಸಾಮಾನು ಸರಂಜಾಮು ಬಿಟ್ಟು ಕಾಡಿಗೆ ನಡೆಯಬೇಕೆಂದು ಮನುಸ್ಮೃತಿ ವಿಧಿಸುತ್ತದೆ. ಮಹಾಭಾರತದ ಯಯಾತಿ ಮಗ ಪುರುವಿನಿಂದ ಯೌವನ ಪಡೆದು ಸಾವಿರ ವರ್ಷ ಭೋಗಿಸಿಯೂ ತಣಿಯದೆ, ಕೊನೆಗೆ ಅದನ್ನು ಹಿಂದಿರುಗಿಸುತ್ತಾನೆ. ಗಿರೀಶ ಕಾರ್ನಾಡರ ಮೊದಲ ನಾಟಕದ ವಸ್ತುವಾದ ಈ ಕಥೆ ಕನ್ನಡಿಗರಿಗೆ ಚೆನ್ನಾಗಿ ಪರಿಚಿತ. ರೋಮಿನ ಸಿಸೆರೊ ಕ್ರಿ.ಪೂ. 44ರಲ್ಲಿ ಮುಪ್ಪಿನ ಬಗ್ಗೆ ಬರೆದ ಸಂವಾದದಲ್ಲಿ ಮುಖ್ಯ ಮಾತುಗಾರನಾದ 84 ವರ್ಷದ ಕೇಟೊ ಮುದುಕರ ದುರಾಸೆಯನ್ನು ಖಂಡಿಸುತ್ತಾನೆ. ನಡೆಯಬೇಕಾದ ದಾರಿ ಕಡಿಮೆಯಾದಂತೆಲ್ಲ ಬುತ್ತಿಯ ಗಂಟನ್ನು ದೊಡ್ಡದು ಮಾಡುವುದು ಅವನಿಗೆ ಅರ್ಥವಿಲ್ಲದ ಕೆಲಸವಾಗಿ ಕಾಣುತ್ತದೆ.

ಇನ್ನೂ ನೇರವಾದ ಆಕ್ಷೇಪ ಅರಿಸ್ಟಾಟಲ್‌ನದು. 'ಪಾಲಿಟಿಕ್ಸ್' ಗ್ರಂಥದ ಮೂರನೆಯ ಭಾಗದಲ್ಲಿ ಅವನು, ಒಳ್ಳೆಯ ಕೊಳಲು ಕುಲದಲ್ಲಿ ದೊಡ್ಡವನಿಗಲ್ಲದೆ ಚೆನ್ನಾಗಿ ನುಡಿಸುವವನಿಗೆ ಸಲ್ಲಬೇಕು ಎಂದು ವಾದಿಸುತ್ತಾನೆ. ಅದೇ ಗ್ರಂಥದ ಎಂಟನೆಯ ಭಾಗದಲ್ಲಿ, ಎಳೆಯ ವಯಸ್ಸಿನಲ್ಲಿ ನುಡಿಸಿ ಕಲಿಯಬೇಕು, ಹಿರಿಯರಾದ ಮೇಲೆ ಕೈಬಿಟ್ಟು ಕೇಳಿ ತೂಗುವವರಾಗಬೇಕು ಎನ್ನುತ್ತಾನೆ. ಎರಡನ್ನೂ ಜೋಡಿಸಿದರೆ, ಸಾಧಾರಣ ಕೈಯ ಹಿರಿಯ ಹವ್ಯಾಸಿಗೆ ಉತ್ತಮ ವಾದ್ಯದ ಮೇಲೆ ಯಾವ ಹಕ್ಕೂ ಉಳಿಯುವುದಿಲ್ಲ.

ಅರಿಸ್ಟಾಟಲ್‌ನ ಗುರುವಿನ ಗುರು ಸಾಕ್ರಟೀಸ್ ನಡೆದುಕೊಂಡ ರೀತಿ ಬೇರೆ. ಪ್ಲೇಟೊನ 'ಯೂಥಿಡೀಮಸ್' ಸಂವಾದದಲ್ಲಿ ಸಾಕ್ರಟೀಸ್ ಮುಪ್ಪಿನಲ್ಲಿ ಕಾನಸ್ ಎಂಬ ಗುರುವಿನ ಬಳಿ ಕಿಥಾರ ಎಂಬ ತಂತಿವಾದ್ಯ ಕಲಿಯುತ್ತಿದ್ದಾನೆ. ಗಿಟಾರ್ ಎಂಬ ಹೆಸರಿನ ಬೇರು ಆ ಪದದಲ್ಲೇ ಇದೆ. ಜೊತೆಯಲ್ಲಿ ಕಲಿಯುವ ಹುಡುಗರು ಅವನನ್ನು ಕಂಡು ನಗುತ್ತಾರೆ. ಕಾನಸ್‌ಗೆ ಮುದುಕರ ಮೇಷ್ಟ್ರು ಎಂಬ ಅಡ್ಡಹೆಸರು ಬೀಳುತ್ತದೆ. ಸಾಕ್ರಟೀಸನನ್ನು ಕಾಡುವ ಚಿಂತೆ ಗುರುವಿಗೆ ಅವಮಾನವಾಗುತ್ತದೆಂಬುದೇ ಹೊರತು ತಾನು ನಗೆಪಾಟಲಾದೆನೆಂಬುದಲ್ಲ. ಬುತ್ತಿಯ ಮಾತಾಡಿದ ಕೇಟೊ ಕೂಡ ಅದೇ ಸಂವಾದದಲ್ಲಿ ಸಾಕ್ರಟೀಸನ ಈ ಕಲಿಕೆಯನ್ನು ನೆನೆದು, ತನಗೂ ಅದು ಸಾಧ್ಯವಾಗಿದ್ದರೆ ಎಂದು ಹಂಬಲಿಸುತ್ತಾನೆ.

ಕೇಟೊ ಒಬ್ಬನೇ ಎರಡು ಮಾತಾಡಿದರೂ ಇಲ್ಲಿ ವಿರೋಧವಿಲ್ಲ. ಬುತ್ತಿ ನಾಳೆಗೆ ಕಟ್ಟಿಡುವಂಥದು. ನಾಳೆಗಳು ಕಡಿಮೆಯಾದಾಗ ಅದರ ಬೆಲೆಯೂ ಕುಗ್ಗುತ್ತದೆ. ನುಡಿಸುವುದು ಈ ಹೊತ್ತಿನಲ್ಲೇ ನಡೆದು ಈ ಹೊತ್ತಿನಲ್ಲೇ ಪೂರ್ಣವಾಗುವ ಕ್ರಿಯೆ. ಇನ್ನು ಎಷ್ಟು ವರ್ಷ ಉಳಿದಿದೆ ಎಂಬ ಲೆಕ್ಕ ಅದಕ್ಕೆ ತಟ್ಟುವುದಿಲ್ಲ. ಕೈಯ ಸೂಕ್ಷ್ಮಕ್ಕೆ ಮರುನುಡಿಯುವ ವಾದ್ಯವಂತೂ ವೇಗ ಕಳೆದುಕೊಂಡ ಬೆರಳಿಗೇ ಹೆಚ್ಚು ಒದಗಿಬರುತ್ತದೆ: ಹತ್ತು ಸ್ವರ ಓಡಿಸಲಾಗದ ಕೈ ಒಂದು ಸ್ವರವನ್ನು ಹೇಗೆ ಮೀಟಬೇಕೆಂದು ತಿಳಿದಿರಬಲ್ಲದು. ಮಂದವಾದ ಕಿವಿಗೆ ಒಳ್ಳೆಯ ನಾದವೇಕೆ ಎಂಬ ಆಕ್ಷೇಪವೂ ಪೂರ್ತಿ ನಿಲ್ಲುವುದಿಲ್ಲ. ವಯಸ್ಸಾದಂತೆ ಮೊದಲು ಮಸುಕಾಗುವುದು ಅತಿ ತಾರದ ದನಿಗಳು. ಗಿಟಾರ್ ಆಂಪ್‌ಗಳ 12 ಇಂಚಿನ ಸ್ಪೀಕರುಗಳು ಸುಮಾರು 5,000 ಹರ್ಟ್ಸ್ ದಾಟಿದ ಮೇಲೆ ಹೇಗೂ ದನಿಯನ್ನು ತೀರ ಇಳಿಸಿಬಿಡುತ್ತವೆ.

ಇಷ್ಟರಿಂದ ಎಲ್ಲ ಕೊಳ್ಳುವಿಕೆಯೂ ಶುದ್ಧವಾಗುವುದಿಲ್ಲ. ಜೈನ ಗ್ರಂಥವಾದ ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಪರಿಗ್ರಹದ, ಅಂದರೆ ವಸ್ತುಗಳನ್ನು ತನ್ನದಾಗಿ ಹಿಡಿದಿಟ್ಟುಕೊಳ್ಳುವುದರ, ನೆಲೆಯನ್ನು ವಸ್ತುವಿನಲ್ಲಿ ಹುಡುಕದೆ ವಸ್ತುವಿನ ಮೇಲಿನ ಮೂರ್ಛೆಯಲ್ಲಿ, ಅಂದರೆ ಮೈಮರೆಸುವ ಮೋಹದಲ್ಲಿ, ತೋರಿಸುತ್ತದೆ. ಈ ವಿಷಯದಲ್ಲಿ ಇದಕ್ಕಿಂತ ಹರಿತವಾದ ಒರೆಗಲ್ಲು ಸಿಗದು. ವಾರಗಟ್ಟಲೆ ಹೊದಿಕೆ ತೆಗೆಯದ ಆಂಪ್, ಒಂದರ ಪಕ್ಕ ಇನ್ನೊಂದು ಬಂದು ಕೂತ ಆಂಪ್, ಅತಿಥಿಗೆ ಬೆಲೆ ಹೇಳಲೆಂದು ಇಟ್ಟ ಆಂಪ್, ಇವು ಮೂರ್ಛೆಯ ಗುರುತುಗಳು. ಯಯಾತಿಯ ಕಥೆ ಅಲ್ಲಿಗೆ ಸರಿಯಾಗಿ ಅನ್ವಯಿಸುತ್ತದೆ. ದಿನವೂ ಅರ್ಧ ಗಂಟೆ ಕಾದು ಹಾಡುವ ಆಂಪ್‌ಗೆ ಅನ್ವಯಿಸುವುದಿಲ್ಲ.

ಹಣ ಬೇರೆಯವರಿಗೆ ಉಪಯೋಗವಾಗಬಹುದಿತ್ತಲ್ಲ ಎಂಬ ಪ್ರಶ್ನೆ ಉಳಿಯುತ್ತದೆ. ಅಮರ್ತ್ಯ ಸೇನ್ 2009ರ 'ದಿ ಐಡಿಯಾ ಆಫ್ ಜಸ್ಟಿಸ್' ಪುಸ್ತಕದಲ್ಲಿ ಒಂದು ಕೊಳಲಿಗೆ ಮೂವರು ಮಕ್ಕಳನ್ನು ಎದುರು ನಿಲ್ಲಿಸುತ್ತಾರೆ: ನುಡಿಸಬಲ್ಲ ಮಗು, ಬೇರೆ ಆಟಿಕೆಯೇ ಇಲ್ಲದ ಮಗು, ಕೊಳಲನ್ನು ತಾನೇ ಮಾಡಿದ ಮಗು. ಮೂವರ ಬೇಡಿಕೆಗೂ ನ್ಯಾಯವಿದೆ, ಒಂದನ್ನು ಎತ್ತಿಹಿಡಿದು ಉಳಿದದ್ದನ್ನು ತಳ್ಳಿಹಾಕಲಾಗದು ಎಂಬುದು ಅವರ ನಿಲುವು. ಹಾಗಾಗಿ ಹೊಸ ಆಂಪ್ ಬಂದ ದಿನ ಹಳೆಯದು ಕಲಿಯಲು ಹೊರಟ, ಕೈಯಲ್ಲಿ ಏನೂ ಇಲ್ಲದ ಹುಡುಗನಿಗೋ ಹುಡುಗಿಗೋ ಹೋಗಬೇಕು. ಇದು ಔದಾರ್ಯವಲ್ಲ, ಎರಡನೆಯ ಮಗುವಿಗೆ ಸಲ್ಲಬೇಕಾದ ಬಾಕಿ.

ಜೈನ ಗೃಹಸ್ಥನಿಗೆ ಪೂರ್ಣ ತ್ಯಾಗದ ಬದಲು ಪರಿಗ್ರಹ ಪರಿಮಾಣದ ವ್ರತವಿದೆ: ತನಗೆಷ್ಟು ಸಾಕೆಂದು ಮೊದಲೇ ಗೆರೆ ಎಳೆದುಕೊಳ್ಳುವುದು. ಟ್ಯೂಬ್ ಆಂಪ್ ವಿಷಯದಲ್ಲಿ ಈ ಗೆರೆಯನ್ನು ವಾಟ್‌ನಲ್ಲೇ ಎಳೆಯಬಹುದು. ಮಾರ್ಷಲ್‌ನ 100 ವಾಟ್ ಆಂಪ್ 1965ರಲ್ಲಿ ಹುಟ್ಟಿದ್ದು ದಿ ಹೂ ಎಂಬ ರಾಕ್ ತಂಡದಂಥವರ ದೊಡ್ಡ ವೇದಿಕೆಗಳಿಗೆ. ಫೆಂಡರ್ ಟ್ವಿನ್ ರಿವರ್ಬ್ 85 ವಾಟ್, ತೂಕ 30 ಕೆ.ಜಿ. ಹತ್ತಿರ, ಅರವತ್ತು ದಾಟಿದ ಸೊಂಟಕ್ಕೆ ಅದು ಹೊರೆ. ಫೆಂಡರ್ ಚಾಂಪ್‌ನಲ್ಲಿ ಒಂದೇ ಒಂದು 6ವಿ6 ಪವರ್ ಟ್ಯೂಬ್, ಸುಮಾರು 5 ವಾಟ್, ಒಂದೇ ಕೈಯಲ್ಲಿ ಎತ್ತಬಹುದು. ವಾಟ್ ಹತ್ತರಲ್ಲಿ ಒಂದು ಭಾಗಕ್ಕೆ ಇಳಿದರೂ ಕಿವಿಗೆ ಸದ್ದು ಅರ್ಧದಷ್ಟು ಇಳಿದಂತೆ ಮಾತ್ರ ಕೇಳುತ್ತದೆ, ಹೀಗಾಗಿ ಮನೆಯ ಕೋಣೆಗೆ 5 ವಾಟ್ ಧಾರಾಳ. ಟ್ಯೂಬು ತನ್ನ ಮಿತಿಯ ಅಂಚಿನಲ್ಲೇ ಚೆನ್ನಾಗಿ ನುಡಿಯುವುದರಿಂದ, ದೊಡ್ಡ ಆಂಪ್ ಮನೆಯಲ್ಲಿ ಎಂದೂ ತಲುಪದ ಆ ಅಂಚನ್ನು ಚಿಕ್ಕದು ಸಲೀಸಾಗಿ ತಲುಪುತ್ತದೆ. 1970ರಲ್ಲಿ 'ಲೈಲಾ' ಧ್ವನಿಮುದ್ರಣಕ್ಕೆ ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್ ಬಳಸಿದ್ದು ಇದೇ ಚಾಂಪ್.